ಗದಿಗೆಮ್ಮನ ಮೂಗು

ಹೈದರಾಬಾದಿನ ನಮ್ಮ ಕನ್ನಡ ಬಳಗದ ಸ್ಮರಣ ಸಂಚಿಕೆಗೆ ಹಿರಿಯರೊಬ್ಬರ ಬಗ್ಗೆ ಎರಡು ಪುಟ ಬರೆದುಕೊಡಿ ಎಂದು ಕಾರ್ಯದರ್ಶಿ ಪರಮೇಶ ನನ್ನನ್ನು ಕೇಳಿದ್ದ. ಭವನದ ಗೋಡೆಯ ಮೇಲೆ ಹಾರ ಹಾಕಿಸಿಕೊಂಡ ಏಳು ಫೋಟೋಗಳಿವೆ. ಅವುಗಳಲ್ಲಿ ಯಾವುದಾದರೊಂದನ್ನು ಹಿಡಿದು ಹೊಗಳುತ್ತೇನೆಂದು ಆತ ಅಂದುಕೊಂಡಿರಬೇಕು. ಕೇಳಿದ್ದು ಮಾಘದಲ್ಲಿ. ಆಮೇಲೆ ನಡೆದದ್ದೆಲ್ಲ ನಡೆದ ಮೇಲೆ ಆತ ಮತ್ತೆ ಆ ಮಾತೆತ್ತಿಲ್ಲ. ಎತ್ತದಿದ್ದರೇನು, ಬೇಡ ಎಂದೂ ಹೇಳಿಲ್ಲವಲ್ಲ. ಹಾಗಾಗಿ ಬರೆಯುತ್ತಿದ್ದೇನೆ, ಗದಿಗೆಮ್ಮನ ಬಗ್ಗೆ. ಆಕೆಯ ಫೋಟೋ ಯಾವ ಗೋಡೆಯ ಮೇಲೂ ಇಲ್ಲ. ಅಚ್ಚು ಹಾಕುವುದು ಬಿಡುವುದು ಅವರಿಗೆ ಬಿಟ್ಟದ್ದು.

ಗದಿಗೆಮ್ಮ ಹುಮನಾಬಾದ್ ಕಡೆಯವಳು. ಹದಿನೆಂಟಕ್ಕೆ ಮದುವೆಯಾಗಿ ಹೈದರಾಬಾದಿಗೆ ಬಂದಳು. ಗಂಡ ಕಂಚನ್‌ಬಾಗ್ ಕಡೆಯ ಕೇಂದ್ರ ಸರ್ಕಾರದ ಕಾರ್ಖಾನೆಯೊಂದರ ಕ್ಯಾಂಟೀನಿನಲ್ಲಿ ಅಡುಗೆಗೆ ಇದ್ದ. ಕಾಮಾಲೆಯಾಗಿ ಆತ ತೀರಿಕೊಂಡಾಗ ಆಕೆಯ ಕೈಯಲ್ಲಿ ಒಬ್ಬ ಮಗಳು, ಒಂದು ರೊಟ್ಟಿ ಬಡಿಯುವ ಕೊಣಮಿಗೆ, ಇಷ್ಟೇ. ಮೆಹದಿಪಟ್ಟಣಂ ಬಸ್ ನಿಲ್ದಾಣದ ಹಿಂದಿನ ಗಲ್ಲಿಯಲ್ಲಿ ಒಂದು ಕೋಣೆ ಹಿಡಿದು ರೊಟ್ಟಿ ಬಡಿಯತೊಡಗಿದಳು. ಆ ಕಡೆ ನಮ್ಮ ಕನ್ನಡದ ಮನೆಗಳು ಬಹಳ. ಅಜ್ಜನ ಕಾಲದಿಂದ ಸರ್ಕಾರಿ ನೌಕರಿಯಲ್ಲಿ ಬೇರುಬಿಟ್ಟ ಮಂದಿ ನಾವು, ಹೊರಗೆ ತೆಲುಗು ಹಿಂದಿ ಮಾತಾಡಿ ಮನೆಗೆ ಬಂದು ಕನ್ನಡದಲ್ಲಿ ಜಗಳಾಡುವವರು. ಜೋಳದ ರೊಟ್ಟಿ ಇಲ್ಲದಿದ್ದರೆ ನಮಗೆ ಊಟ ಊಟವೇ ಅಲ್ಲ. ರೊಟ್ಟಿಯಿಂದ ಬಸುರಿಯರ ಕುಬಸದ ಅಡುಗೆ, ಕುಬಸದಿಂದ ಮದುವೆ, ಮದುವೆಯಿಂದ ಬಳಗದ ಬಸವ ಜಯಂತಿಯ ದಾಸೋಹ, ಹೀಗೆ ಗದಿಗೆಮ್ಮನ ಸೌಟು ಬೆಳೆಯಿತು. ಇಪ್ಪತ್ತೆರಡು ವರ್ಷ ನಮ್ಮ ದಾಸೋಹದ ಗೋಧಿ ಹುಗ್ಗಿ ಆಕೆಯದೇ.

ಆಕೆ ಅಡುಗೆಯ ರುಚಿ ನೋಡುತ್ತಿರಲಿಲ್ಲ. ದಾಸೋಹದ ಅಡುಗೆ ಮೊದಲು ಎಡೆಗೆ ಹೋಗಬೇಕು, ಆಮೇಲೆ ಮನುಷ್ಯರ ಬಾಯಿಗೆ. ಎಡೆಗೆ ಮುಂಚೆ ನಾಲಿಗೆಗೆ ಹಚ್ಚಿದರೆ ಅದು ಎಂಜಲು. ಹಾಗಾಗಿ ಉಪ್ಪು, ಹುಳಿ, ಬೆಲ್ಲದ ಪಾಕ ಎಲ್ಲವನ್ನೂ ಆಕೆ ಮೂಗಿನಿಂದಲೇ ಅಳೆಯುತ್ತಿದ್ದಳು. ಕೊಪ್ಪರಿಗೆಯ ಮೇಲೆ ಬಗ್ಗಿ, ಕಣ್ಣು ಮುಚ್ಚಿ, ಒಂದು ಉಸಿರು ಎಳೆದು, "ಉಪ್ಪು ಕಮ್ಮಿ ಐತಿ" ಎನ್ನುವಳು. ಉಪ್ಪಿಗೆ ಎಂಥ ವಾಸನೆ ಎಂದು ನಾವು ನಗುತ್ತಿದ್ದೆವು. ಬಡಿಸಿದ ಮೇಲೆ ನೋಡಿದರೆ ಸರಿಯಾಗಿಯೇ ಇರುತ್ತಿತ್ತು.

ಆ ಮೂಗಿನ ಮಾತು ನನಗೆ ಉಳಿದವರಿಗಿಂತ ಚೆನ್ನಾಗಿ ಗೊತ್ತು. ಒಮ್ಮೆ ದಾಸೋಹಕ್ಕೆ ತಂದ ಶೇಂಗಾ ಎಣ್ಣೆಯ ಡಬ್ಬಿಯ ಮುಚ್ಚಳ ತೆಗೆದವಳೇ, "ಇದರಾಗ ಅರ್ಧ ಪಾಮೋಲಿನ್ ಐತ್ರಿ" ಎಂದಳು. ಅಂಗಡಿಯವನು ದೇವರಾಣೆ ಮಾಡಿದ. ನನಗೆ ಕುತೂಹಲವಾಗಿ ಒಂದು ಸೀಸೆ ಎಣ್ಣೆಯನ್ನು ನಮ್ಮ ಪ್ರಯೋಗಾಲಯದ ಗೆಳೆಯನ ಕೈಗೆ ಕೊಟ್ಟೆ. ನಾಲ್ಕು ದಿನಕ್ಕೆ ಫಲಿತಾಂಶ ಬಂತು. ಅರ್ಧವಲ್ಲ, ಅರ್ಧಕ್ಕಿಂತ ಹೆಚ್ಚು ಪಾಮೋಲಿನ್. ಸರ್ಕಾರದ ಯಂತ್ರಕ್ಕೆ ನಾಲ್ಕು ದಿನ ಹಿಡಿದದ್ದು ಆಕೆಗೆ ನಾಲ್ಕು ಗಳಿಗೆಯೂ ಹಿಡಿದಿರಲಿಲ್ಲ. ಈ ಕಥೆಯನ್ನು ನಾನೇ ಊರೆಲ್ಲ ಹೇಳಿಕೊಂಡು ತಿರುಗಿದ್ದೆ. ಇದನ್ನು ನೆನಪಿಡಬೇಕು, ಮುಂದೆ ಬೇಕಾಗುತ್ತದೆ.

ಇನ್ನು ನಾನು. ಹೆಸರು ಬಸವಲಿಂಗಪ್ಪ. ಆಹಾರ ಸುರಕ್ಷತೆ ನೋಡಿಕೊಳ್ಳುವ ಸರ್ಕಾರಿ ಕಚೇರಿಯೊಂದರಲ್ಲಿ ಮೂವತ್ತೊಂದು ವರ್ಷ ಸಹಾಯಕ. ಅಧಿಕಾರಿಗಳು ದಾಳಿಗೆ ಹೊರಟಾಗ ಚೀಲ ಹೊರುವುದು, ಮಾದರಿ ಡಬ್ಬಿಗಳಿಗೆ ದಾರ ಸುತ್ತಿ ಅರಗು ಕಾಯಿಸಿ ಮೊಹರು ಒತ್ತುವುದು, ಪಂಚನಾಮೆ ಬರೆದು ಇಬ್ಬರು ಪಂಚರ ರುಜು ಹಾಕಿಸುವುದು, ಇದು ನನ್ನ ಕೆಲಸ. ಗದಿಗೆಮ್ಮ ನನ್ನನ್ನು "ಸಾಹೇಬ್ರ" ಎನ್ನುತ್ತಿದ್ದಳು. ನಾನು ಸಾಹೇಬನಲ್ಲ, ಸಾಹೇಬರ ಚೀಲ ಹೊರುವವನು ಎಂದು ಒಂದು ದಿನವೂ ತಿದ್ದಲಿಲ್ಲ. ಕೇಳುವುದಕ್ಕೆ ಹಿತವಾಗಿತ್ತು.

ಹೋದ ವರ್ಷದ ಬೇಸಿಗೆ. ಬೇಗಂ ಬಜಾರಿನ ಒಂದು ಗೋದಾಮಿನ ಮೇಲೆ ದೂರು ಬಂತು. ಹೊರಟವರು ನಮ್ಮ ಅಧಿಕಾರಿ ದೀಪಾಲಿ ಮೇಡಂ, ನಾನು, ಒಬ್ಬ ಡ್ರೈವರ್. ಗೋದಾಮಿನ ಒಳಗೆ ಮೆಣಸಿನಕಾಯಿಯ ಘಾಟು, ಅದರ ಹಿಂದೆ ಸೂರಿನವರೆಗೆ ರಟ್ಟಿನ ಪೆಟ್ಟಿಗೆಗಳು. ಪೆಟ್ಟಿಗೆಗಳಲ್ಲಿ ಡಬ್ಬಿ ಹಣ್ಣು: ಅನಾನಸ್, ಪೀಚ್, ಚೆರ್ರಿ ಎಲ್ಲ ಕೂಡಿಸಿ ಪಾಕದಲ್ಲಿ ಹಾಕಿದ್ದು. ಡಬ್ಬಿಗಳ ತಳದ ಹಳೆಯ ತಾರೀಖಿನ ಮೇಲೆ ಹೊಸ ತಾರೀಖಿನ ಚೀಟಿ. ಮೇಡಂ ಉಗುರಿನಿಂದ ಒಂದು ಚೀಟಿ ಕಿತ್ತರು, ಕೆಳಗಿನ ತಾರೀಖು ದಾಟಿ ಹದಿನಾಲ್ಕು ತಿಂಗಳಾಗಿತ್ತು. ಮೂರರಲ್ಲೊಂದು ಡಬ್ಬಿಯ ಮುಚ್ಚಳ ಹಪ್ಪಳದಂತೆ ಉಬ್ಬಿ ನಿಂತಿತ್ತು. ಡಬ್ಬಿ ಉಬ್ಬಿತೆಂದರೆ ಒಳಗಿನ ಹಣ್ಣು ಹುಳಿಬಂದು ಗಾಳಿ ಕಟ್ಟಿದೆ ಎಂದೇ ಅರ್ಥ. ಒಳ್ಳೆಯ ಡಬ್ಬಿ ತೆರೆದರೆ ಗಾಳಿ ಒಳಗೆ ಎಳೆಯಬೇಕು, ಹೊರಗೆ ಬರಬಾರದು. ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ಈ ಪಾಠ ಹೇಳಿಕೊಡುವವನು ನಾನೇ.

ಸಾವಿರದ ನೂರ ನಲವತ್ತು ಡಬ್ಬಿ ಜಪ್ತಿಯಾದವು. ನಾಲ್ಕು ಡಬ್ಬಿ ಮಾದರಿಗೆ ತೆಗೆದು ಮೊಹರು ಒತ್ತಿದೆ. ಆ ನಾಲ್ಕೂ ಉಬ್ಬಿರದ ಡಬ್ಬಿಗಳು. ಉಬ್ಬಿದ್ದು ಕೆಟ್ಟಿದೆ ಎಂದು ಕಣ್ಣಿಗೇ ಕಾಣುತ್ತದೆ, ಉಬ್ಬಿರದ್ದು ಏನಾಗಿದೆ ಪ್ರಯೋಗಾಲಯ ಹೇಳಲಿ ಎಂದರು ಮೇಡಂ. ಉಳಿದದ್ದನ್ನು ನಾಶ ಮಾಡಲು ವ್ಯಾಪಾರಿ ಅಲ್ಲಿಯೇ ಒಪ್ಪಿಗೆ ಬರೆದುಕೊಟ್ಟ. ಮರುದಿನ ಡಿಸಿಎಂ ಎಂಬ ಸಣ್ಣ ಲಾರಿಯಲ್ಲಿ ಹೇರಿಸಿ ಊರಾಚೆಯ ಕಸದ ಯಾರ್ಡಿಗೆ ಒಯ್ಯುವ ಕೆಲಸ ನನಗೆ ಬಂತು. "ಅನ್ನೀ ಪಾರೆಯ್ಯಂಡಿ ಬಸವಲಿಂಗಪ್ಪಗಾರು, ಒಕ್ಕಟಿ ಕೂಡಾ ಮಿಗಲಕೂಡದು" ಎಂದರು ಮೇಡಂ. ಎಲ್ಲಾ ಎಸೆಯಿರಿ, ಒಂದೂ ಉಳಿಯಬಾರದು. ಇದಕ್ಕಿಂತ ಸ್ಪಷ್ಟವಾಗಿ ಯಾವ ಭಾಷೆಯಲ್ಲೂ ಹೇಳಲಾಗುವುದಿಲ್ಲ.

ನಾನು ಇಪ್ಪತ್ತನಾಲ್ಕು ಡಬ್ಬಿ ಉಳಿಸಿಕೊಂಡೆ.

ಯಾಕೆ ಎಂದು ಆಮೇಲೆ ಬಹಳ ಜನ ಕೇಳಿದರು. ಅನ್ನ ಚೆಲ್ಲಬಾರದು ಎಂದು ಕಲಿತ ಮನೆಯವನು ನಾನು. ತಟ್ಟೆಯಲ್ಲಿ ಒಂದು ಅಗುಳು ಬಿಟ್ಟರೆ ನಮ್ಮಪ್ಪ ಎರಡು ದಿನ ಮಾತಾಡುತ್ತಿರಲಿಲ್ಲ. ಬುಲ್ಡೋಜರಿನ ಕೆಳಗೆ ಪೀಚು, ಅನಾನಸು ಪಿಚ್ಚೆಂದು ಒಡೆಯುವುದನ್ನು ನೋಡಲಾರದೆ, ಹೆಬ್ಬೆರಳಿನಿಂದ ಒತ್ತಿ ಒತ್ತಿ, ಮುಚ್ಚಳ ಚಪ್ಪಟೆ ಇದ್ದದ್ದನ್ನೇ ಆರಿಸಿ ಎತ್ತಿಟ್ಟೆ. ಇದು ಅರ್ಧ ಸತ್ಯ. ಉಳಿದರ್ಧ ಇಲ್ಲಿದೆ: ದಾಸೋಹಕ್ಕೆ ಒಂಬತ್ತು ದಿನ ಉಳಿದಿತ್ತು. ದಾಸೋಹದ ದಿನ ಯಾರು ಏನು ಸೇವೆ ಕೊಟ್ಟರೆಂದು ಮೈಕಿನಲ್ಲಿ ಹೆಸರು ಓದುತ್ತಾರೆ. ಅಕ್ಕಿ ಕೊಟ್ಟವರು, ತುಪ್ಪ ಕೊಟ್ಟವರು. ನನ್ನ ಹೆಸರು ಪ್ರತಿ ವರ್ಷ "ಇತರ ಭಕ್ತರು" ಎಂಬಲ್ಲಿ ಸೇರಿಹೋಗುತ್ತಿತ್ತು. ಈ ಸಲ ಓದಿಸಬೇಕೆಂದು ಆಸೆಯಾಯಿತು. ಬೇಲಿಯೇ ಎದ್ದು ಹೊಲ ಮೇಯ್ದಂತೆ ಎನ್ನುತ್ತಾರಲ್ಲ, ನನ್ನ ವಿಷಯದಲ್ಲಿ ಬೇಲಿ ಮೇಯ್ದದ್ದಲ್ಲದೆ, ಹೊಲವನ್ನು ದಾನ ಕೊಟ್ಟೆನೆಂದು ಸಾರಿಸಿಕೊಳ್ಳಲು ಹೊರಟಿತ್ತು.

ಮನೆಯಲ್ಲಿ ಕೂತು ಡಬ್ಬಿಗಳ ಸುತ್ತಲಿನ ಕಾಗದ ನೆನೆಸಿ ಕಿತ್ತೆ. ಹೆಂಡತಿ ವಿಶಾಲಾಕ್ಷಿ, "ಯಾಕ ಕೀಳಾಕತ್ತೀರಿ?" ಎಂದಳು. "ದೇವರ ಕೆಲಸಕ್ಕ ಕಂಪನಿ ಹೆಸರು ಯಾಕ" ಎಂದೆ. ಸುಳ್ಳು ಅಷ್ಟು ಸಲೀಸಾಗಿ ಬಂತು.

ದಾಸೋಹದ ಬೆಳಿಗ್ಗೆ ಅಡುಗೆಮನೆಗೆ ಪೆಟ್ಟಿಗೆ ಒಯ್ದೆ. ಹುಗ್ಗಿಯ ಜೊತೆ ಈ ಸಲ ಫ್ರೂಟ್ ಸಲಾಡ್ ಮಾಡಬೇಕೆಂದು ಹೊಸ ಹುಡುಗಿಯರ ಹಟ, ಹಾಲು ಆಗಲೇ ಕಾದು ಆರಿತ್ತು. ಗದಿಗೆಮ್ಮ ಮೊದಲ ಡಬ್ಬಿಗೆ ತೆರೆಯುವ ಕೀಲಿ ಹಾಕಿದಳು. ಪುಸ್ಸೆಂದು ಪಾಕ ಚಿಮ್ಮಿ ಆಕೆಯ ಕುಪ್ಪಸದ ತೋಳಿಗೆ ಬಿತ್ತು. ಆಕೆ ಕೈ ನಿಲ್ಲಿಸಿದಳು. ಡಬ್ಬಿಯ ಮೇಲೆ ಬಗ್ಗಿ ಕಣ್ಣು ಮುಚ್ಚಿದಳು.

"ಸಾಹೇಬ್ರ, ಇದು ಯಾಕ ಪುಸ್ ಅಂತು? ವಾಸನಿ ಬ್ಯಾರೆ ಐತ್ರಿ. ಸಾರಾಯಿ ವಾಸನಿ ಬಂದಾಂಗ ಆತು."

ಗಾಳಿ ಹೊರಗೆ ಬಂದಿತ್ತು. ನನಗೆ ಅದು ಗೊತ್ತಾಯಿತು. ಆ ಕ್ಷಣದಲ್ಲೇ ಗೊತ್ತಾಯಿತು. ಹೊರಗೆ ಮೈಕಿನವನು ಹಲೋ ಹಲೋ ಎಂದು ಪರೀಕ್ಷೆ ಮಾಡುತ್ತಿದ್ದ.

"ಡಬ್ಬಿಯಾಗ ಗಾಳಿ ತುಂಬಿರ್ತಾರಕ್ಕಾ, ಅದಕ್ಕ ಹಂಗ ಅಂತೈತಿ. ಡಬ್ಬಿ ಹಣ್ಣಿನ ವಾಸನಿನ ಹಂಗ. ನಾ ಇಲಾಖೆ ಮನುಷ್ಯಾ ಹೇಳಾಕತ್ತೀನಿ, ಹಾಕ್ರಿ."

ಆಕೆ ಒಂದು ಗಳಿಗೆ ನನ್ನ ಮುಖ ನೋಡಿದಳು. ಆಮೇಲೆ ಹಾಕಿದಳು. ಇಪ್ಪತ್ತನಾಲ್ಕೂ.

ಮೈಕಿನಲ್ಲಿ ನನ್ನ ಹೆಸರು ಬಂತು. "ಫಲಾಹಾರ ಸೇವೆ, ಶರಣ ಬಸವಲಿಂಗಪ್ಪನವರು." ಪಂಕ್ತಿಯಲ್ಲಿ ಕೂತವರು ತಿರುಗಿ ನೋಡಿದರು. ನಾನು ಕೈ ಮುಗಿದೆ. ಆದರೆ ನನ್ನ ಬಟ್ಟಲಿನ ಸಲಾಡನ್ನು ಬಾಯಿಗೆ ಒಯ್ಯಲಿಲ್ಲ, ಪಕ್ಕದ ಹುಡುಗನಿಗೆ ದಾಟಿಸಿದೆ. ಸಲಾಡ್ ತುಸು ಹುಳಿ ಎಂದು ಯಾರೋ ಅಂದದ್ದು ಕಿವಿಗೆ ಬಿತ್ತು. ಆದರೂ ಯಾರೂ ಬಿಡಲಿಲ್ಲ. ನಮ್ಮಲ್ಲಿ ಪ್ರಸಾದವನ್ನು ತಟ್ಟೆಯಲ್ಲಿ ಬಿಡುವಂತಿಲ್ಲ, ಉಂಡ ಮೇಲೆ ತಟ್ಟೆಗೆ ನೀರು ಹಾಕಿ, ಬೆರಳಿನಿಂದ ತೊಳೆದು, ಆ ನೀರನ್ನೂ ಕುಡಿಯುವುದು ಪದ್ಧತಿ. ಬೇರೆಯವರ ಪಂಕ್ತಿಯಾಗಿದ್ದರೆ ಒಂದು ಚಮಚ ತಿಂದು ಮೂಗು ಮುರಿದು ಬಿಡುತ್ತಿದ್ದರು, ಬದುಕಿಕೊಳ್ಳುತ್ತಿದ್ದರು. ಪರಮೇಶನ ತಾಯಿ ಗುಂಡಮ್ಮ ನನ್ನ ಎದುರು ಸಾಲಿನಲ್ಲಿ ಕೂತಿದ್ದರು, ಎಂಬತ್ತೊಂದು ವರ್ಷ. ಬಟ್ಟಲು ಬಳಿದು ತಿಂದರು. ನೀರು ಹಾಕಿ ತೊಳೆದು, ಎರಡೂ ಕೈಯಲ್ಲಿ ಎತ್ತಿ ಕುಡಿದು, ಬಟ್ಟಲನ್ನು ಹಣೆಗೆ ಮುಟ್ಟಿಸಿದರು. ನಾನು ನೋಡುತ್ತಾ ಕೂತಿದ್ದೆ. "ಅವ್ವಾ, ಬ್ಯಾಡ" ಎನ್ನಲು ಒಂದು ಉಸಿರು ಸಾಕಾಗಿತ್ತು.

ಸಂಜೆಗೆ ಶುರುವಾಯಿತು. ಇಪ್ಪತ್ತಾರು ಜನಕ್ಕೆ ವಾಂತಿ, ಹೊಟ್ಟೆನೋವು. ನಾನು ಬಟ್ಟಲು ದಾಟಿಸಿದ ಹುಡುಗ ಪ್ರಜ್ವಲನೂ ಅವರಲ್ಲೊಬ್ಬ. ಗುಂಡಮ್ಮ ಆಸ್ಪತ್ರೆಯಲ್ಲಿ ನಾಲ್ಕು ದಿನ ಸಲೈನಿನ ಮೇಲೆ ಮಲಗಿದರು. ಯಾರೂ ಸಾಯಲಿಲ್ಲ. ಸಾಯಲಿಲ್ಲ ಎಂಬುದನ್ನೇ ಹಿಡಿದು ನಾನು ಎಷ್ಟೋ ದಿನ ನಿದ್ದೆ ಮಾಡಿದೆ.

ಗುಂಡಮ್ಮ ಮನೆಗೆ ಬಂದ ಮೇಲೆ ಬಳಗದ ಸಭೆ ಕರೆದರು. ಗದಿಗೆಮ್ಮನನ್ನೂ ಕರೆಸಿದರು, ಕೂರಲು ಯಾರೂ ಹೇಳಲಿಲ್ಲ, ಬಾಗಿಲ ಹತ್ತಿರ ನಿಂತಿದ್ದಳು. ಹುಗ್ಗಿಯೋ, ಹಾಲೋ, ಡಬ್ಬಿ ಹಣ್ಣೋ ಎಂದು ಒಂದಷ್ಟು ಚರ್ಚೆಯಾಯಿತು. ಪರಮೇಶ ನನ್ನ ಕಡೆ ತಿರುಗಿದ.

"ಕಾಕಾ, ನಮ್ಮಾಗ ಇದು ತಿಳಿದವರು ನೀವ ಒಬ್ರು. ನೀವು ಹೇಳಿದ್ದ ಖರೆ. ಏನಿರಬಹುದು?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡ ಎನ್ನುತ್ತಾರೆ. ನಾನು ಹೆಗಲನ್ನೂ ಮುಟ್ಟಿಕೊಳ್ಳಲಿಲ್ಲ. "ಡಬ್ಬಿ ನಾನು ನೋಡೇ ತಂದದ್ದು. ಬ್ಯಾಸಗಿ ನೋಡ್ರಿ, ಹಾಲು ಇರಬಹುದು" ಎಂದೆ. ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ, ಬರೀ "ಇರಬಹುದು." ಆದರೆ ಮೊಹರು ಒತ್ತುವ ಕೈ ನನ್ನದು. ನನ್ನ "ಇರಬಹುದು" ಅವರಿಗೆ ತೀರ್ಪಾಯಿತು.

"ಹಾಲು ನಸಕಿನಾಗ ನಾಕಕ್ಕ ಕಾಯಿಸೀನ್ರಿ. ಮೂರು ಉಕ್ಕು ಬರಿಸೀನಿ" ಎಂದಳು ಗದಿಗೆಮ್ಮ. ಅಷ್ಟೇ ಹೇಳಿದಳು, ನನ್ನ ಕಡೆ ನೋಡುತ್ತಾ. ಡಬ್ಬಿಯ ಮಾತು ಈಗ ಎತ್ತುತ್ತಾಳೆ, ಈಗ ಎತ್ತುತ್ತಾಳೆ ಎಂದು ಕಾಯುತ್ತಿದ್ದೆ. ಎತ್ತಲಿಲ್ಲ. ವಯಸ್ಸಾಯಿತು, ಇನ್ನು ಆಕೆಗೆ ದೊಡ್ಡ ಅಡುಗೆ ಬೇಡ ಎಂದು ಸಭೆ ತೀರ್ಮಾನಿಸಿತು. ನಾನೂ ಕೈ ಎತ್ತಿದೆ.

ಮಾತಿಗೆ ಕಾಲಿಲ್ಲದಿದ್ದರೂ ಮೆಹದಿಪಟ್ಟಣಂ ಸುತ್ತಲು ಅದಕ್ಕೆ ಎರಡು ವಾರ ಸಾಕು. ಹಾಲು ಕೆಡಿಸಿ ಮಂದಿಯನ್ನು ಆಸ್ಪತ್ರೆಗೆ ಹಾಕಿದವಳು ಎಂದಾಯಿತು. ಕುಬಸಕ್ಕೆ ಕರೆಯುವವರು ನಿಂತರು, ರೊಟ್ಟಿ ಒಯ್ಯುವವರೂ ನಿಂತರು. ಆಷಾಢದ ಹೊತ್ತಿಗೆ ಆಕೆ ಮಿಯಾಪುರದ ದೊಡ್ಡ ಅಪಾರ್ಟ್‌ಮೆಂಟಿನ ಮೆಸ್ಸೊಂದರಲ್ಲಿ ರೊಟ್ಟಿ ಬಡಿಯಲು ಸೇರಿದಳೆಂದು ಕೇಳಿದೆ. ನಸುಕಿನಲ್ಲಿ ಬಸ್ಸು, ಅಮೀರ್‌ಪೇಟೆಯಲ್ಲಿ ಇಳಿದು ಮೆಟ್ರೋ. ಇಪ್ಪತ್ತೆರಡು ವರ್ಷ ಐದುನೂರು ಜನಕ್ಕೆ ಹುಗ್ಗಿ ಮಾಡಿದವಳು ಯಾರದೋ ಒಲೆಯ ಮುಂದೆ ಯಾರದೋ ಲೆಕ್ಕದ ರೊಟ್ಟಿ ಬಡಿಯುತ್ತಿದ್ದಳು.

ಪ್ರಯೋಗಾಲಯದ ವರದಿ ಬಂದದ್ದು ಸಭೆಯಾದ ಹತ್ತು ದಿನಕ್ಕೆ. ಲಕೋಟೆ ಒಡೆದು ಆವಕ ಸಂಖ್ಯೆ ಹಾಕಿದವನೂ ನಾನೇ. ಉಬ್ಬಿರದ ನಾಲ್ಕೂ ಮಾದರಿ ಕೆಟ್ಟಿವೆ, ಮನುಷ್ಯರು ತಿನ್ನಲು ಯೋಗ್ಯವಲ್ಲ. ಅಲ್ಲಿಯವರೆಗೆ ಹಾಲೇ ಇದ್ದರೂ ಇರಬಹುದು ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಇನ್ನು ಆ ನೆವವೂ ಇಲ್ಲ. ವರದಿಯನ್ನು ಕಡತದಲ್ಲಿ ಸೇರಿಸಿ, ದಾರ ಕಟ್ಟಿ, ಬಾಯಿ ಮುಚ್ಚಿಕೊಂಡೆ. ಹತ್ತು ತಿಂಗಳಿಗೂ ಹೆಚ್ಚು. ಹೆಣ್ಣುಮಗಳು ಒಂದು ಜೀವ ಹೊತ್ತು ಹೆರುವಷ್ಟು ಕಾಲ ಕಳೆದರೂ ನಾನು ಒಂದು ಸಾಲನ್ನು ಹೆರಲಿಲ್ಲ.

ಈ ವರ್ಷದ ಜಯಂತಿಗೆ ಹದಿನೈದು ದಿನ ಇರುವಾಗ ಪರಮೇಶ ಮನೆಗೆ ಬಂದ. ದಾಸೋಹವನ್ನು ಕ್ಯಾಟರಿಂಗಿನವರಿಗೆ ಕೊಟ್ಟಿದ್ದಾರಂತೆ, ಅಡುಗೆಮನೆಯ ಉಸ್ತುವಾರಿ ನನಗಂತೆ. "ಮತ್ತ, ಕಾಕಾ, ನಿಮ್ಮ ಮೂವತ್ತು ವರ್ಷದ ಸೇವಾಕ್ಕ ಸನ್ಮಾನ ಮಾಡಬೇಕಂತ ಠರಾವು ಆಗೈತಿ. ಶಾಲು, ಪೇಟ. ಆಹಾರ ಸುರಕ್ಷತೆ ಮ್ಯಾಲೆ ನಾಕು ಮಾತೂ ಹೇಳ್ರಿ."

ಆತ ಹೋದ ಮೇಲೆ ವಿಶಾಲಾಕ್ಷಿ ಅಡುಗೆಮನೆಯಿಂದ ಹೊರಗೆ ಬಂದಳು. ಡಬ್ಬಿಯ ಕಾಗದ ಕಿತ್ತದ್ದನ್ನು ನೋಡಿದವಳು ಆಕೆ. ಒಂದು ವರ್ಷ ಒಂದು ಮಾತೂ ಕೇಳಿರಲಿಲ್ಲ.

"ಶಾಲು ಹೊದ್ದು ಕುಂದರ್ರಿ. ನಾ ಬರಾಂಗಿಲ್ಲ. ಗದಿಗೆಕ್ಕನ ಮಾರಿ ಕಣ್ಣಮುಂದ ಬರತೈತಿ ನನಗ. ನಿಮಗ ಬರಾಂಗಿಲ್ಲೇನು?"

ಬರುತ್ತಿತ್ತು. ದಿನಾ ಬರುತ್ತಿತ್ತು. ಆ ದಿನ ಮೊದಲ ಸಲ ಅದನ್ನು ಬಾಯಿಬಿಟ್ಟು ಹೇಳಿದೆ, ಹೇಳುತ್ತಾ ಅತ್ತೆ. ಆಕೆ ಸಮಾಧಾನ ಮಾಡಲಿಲ್ಲ, ಒಂದು ಲೋಟ ನೀರು ತಂದಿಟ್ಟು ಒಳಗೆ ಹೋದಳು. ಉಪ್ಪು ತಿಂದವನು ಕುಡಿಯಬೇಕಾದ ನೀರು ಅದು.

ನನಗೆ ಬೇರೆ ರೀತಿಯಲ್ಲಿ ಬರೆಯಲು ಬಾರದು. ನನ್ನ ಮೇಲೆ ನಾನೇ ಒಂದು ಪಂಚನಾಮೆ ಬರೆದೆ. ದಿನ, ಸ್ಥಳ, ಜಪ್ತಿಯಾದ ಡಬ್ಬಿ ಎಷ್ಟು, ನಾಶವಾದದ್ದೆಷ್ಟು, ನಾನು ತೆಗೆದದ್ದೆಷ್ಟು, ಎಲ್ಲಿಗೆ ಒಯ್ದೆ, ಎಷ್ಟು ಜನ ಕಾಯಿಲೆ ಬಿದ್ದರು, ಹಾಲಿನಲ್ಲಿ ದೋಷವಿರಲಿಲ್ಲ, ಗದಿಗೆಮ್ಮನ ತಪ್ಪಿಲ್ಲ. ಒಂದು ಪ್ರತಿಯನ್ನು ದೀಪಾಲಿ ಮೇಡಂ ಅವರಿಗೆ ಕೊಟ್ಟೆ. ಅವರು ಓದಿ, ಕನ್ನಡಕ ತೆಗೆದು, ಜಪ್ತಿಯ ಕಡತ ತರಿಸಿಕೊಂಡರು. ನನ್ನ ಅಮಾನತಿನ ಆದೇಶ ಮೂರನೆಯ ದಿನ ಬಂತು. ವಿಚಾರಣೆ ಇನ್ನೂ ನಡೆದಿದೆ.

ಪಂಚನಾಮೆ ಎಂದರೆ ಇಬ್ಬರು ಪಂಚರ ರುಜು ಬೇಕು. ಪರಮೇಶನ ಮನೆಗೆ ಹೋದೆ. ಆತ ಓದಿ ಬೆವತ. "ಕಾಕಾ, ಆಗಿದ್ದು ಆಗಿಹೋತು. ಇದನ್ನ ಹೊರಗ ಹಾಕಿದ್ರ ಬಳಗದ ಮರ್ಯಾದಿ ಏನಾಗಬೇಕು? ಜಪ್ತಿ ಮಾಲು ದಾಸೋಹಕ್ಕ ಹಾಕಿದ್ರಂತ ಪೇಪರಿನಾಗ ಬರತೈತಿ."

ಒಳಕೋಣೆಯಿಂದ ಗುಂಡಮ್ಮನವರ ದನಿ ಬಂತು. "ಪರಮ್ಯಾ, ವಾಂತಿ ಮಾಡಿಕೊಂಡಾಕಿ ನಾನೋ ನಿನ್ನ ಮರ್ಯಾದಿಯೋ? ತಾ ಇಲ್ಲೆ ಆ ಕಾಗದ."

ಒಳಗೆ ಹೋಗಿ ಕೊಟ್ಟೆ, ಓದಿದರು. ಹಳೆಯ ಕಾಲದ ದುಂಡಗಿನ ಅಕ್ಷರದಲ್ಲಿ ಪೂರ್ತಿ ಹೆಸರು ಬರೆದರು. ಆಮೇಲೆ ಮಗನ ಕಡೆ ಪೆನ್ನು ಚಾಚಿದರು. ಆತ ಹಾಕಿದ. ನಾನು ಕಾಲಿಗೆ ಬೀಳಲು ಹೋದರೆ ಗುಂಡಮ್ಮ ಕಾಲು ಹಿಂದೆ ಎಳೆದುಕೊಂಡರು. "ನನ್ನ ಕಾಲಿಗ್ಯಾಕ ಬೀಳ್ತಿ? ಯಾರ ಹೊಟ್ಟಿ ಮ್ಯಾಲೆ ಹೊಡದಿ, ಅಕಿ ಕಡೆ ಹೋಗು."

ಮಿಯಾಪುರಕ್ಕೆ ಹೋದದ್ದು ಮರುದಿನ ಮಧ್ಯಾಹ್ನ. ಕಾಯಿದೆಯ ಪ್ರಕಾರ ಪಂಚನಾಮೆಯ ಒಂದು ಪ್ರತಿ ಸಂಬಂಧಪಟ್ಟವರ ಕೈಗೆ ಹೋಗಬೇಕು. ಮೆಸ್ಸಿನ ಹಿಂದಿನ ಶೆಡ್ಡಿನಲ್ಲಿ ಗದಿಗೆಮ್ಮ ಕೂತಿದ್ದಳು, ಮೊದಲಿಗಿಂತ ಇಳಿದಿದ್ದಳು. ನನ್ನನ್ನು ಕಂಡೂ ಬಡಿಯುವ ಕೈ ನಿಲ್ಲಿಸಲಿಲ್ಲ. ಕಾಗದ ಚಾಚಿದೆ.

"ನನಗೆಲ್ಲಿ ಓದಾಕ ಬರತೈತ್ರಿ. ನೀವ ಓದ್ರಿ."

ನಿಂತುಕೊಂಡು ಓದಿದೆ. ಪಕ್ಕದಲ್ಲಿ ಕುಕ್ಕರ್ ಕೂಗುತ್ತಿತ್ತು, ಆದಷ್ಟು ಗಟ್ಟಿಯಾಗಿ ಓದಿದೆ. "ಗದಿಗೆಮ್ಮನವರ ತಪ್ಪೇನೂ ಇರುವುದಿಲ್ಲ" ಎಂಬಲ್ಲಿಗೆ ಬಂದಾಗ ಆಕೆ ಈಗಲಾದರೂ ತಲೆ ಎತ್ತುತ್ತಾಳೆ ಎಂದುಕೊಂಡೆ. ಎತ್ತಲಿಲ್ಲ. ಒಂದು ರೊಟ್ಟಿ ಹಂಚಿಗೆ ಹಾಕಿದಳು, ಮೇಲೆ ನೀರು ಸವರಿದಳು, ತಿರುವಿದಳು.

"ಮುಗೀತ್ರ್ಯಾ?"

"ಮುಗೀತಕ್ಕಾ."

"ನಾ ಕೇಳಿದ್ದು ಎಲ್ಲೈತಿ ಅದರಾಗ?"

ನನಗೆ ಅರ್ಥವಾಗಲಿಲ್ಲ ಎಂದು ಬರೆದರೆ ಇದೂ ಒಂದು ಸುಳ್ಳಾಗುತ್ತದೆ. ಅರ್ಥವಾಯಿತು.

"ಡಬ್ಬಿ ಪುಸ್ ಅಂತು. ವಾಸನಿ ಬ್ಯಾರೆ ಐತಿ ಅಂತ ನಾ ನಿಮಗ ಕೇಳಿದ್ದೆ. ನೀವು ಏನಂದ್ರಿ? ಅದನ್ನ ಬಿಟ್ಟು ಉಳದದ್ದೆಲ್ಲಾ ಬರದೀರಿ." ಈಗ ಕೈ ನಿಂತಿತ್ತು. "ಅದನ್ನ ಬರೀಲಿಲ್ಲಂದ್ರ ಏನರ್ಥ ಆತ್ರಿ? ಗದಿಗೆಮ್ಮಗ ತಿಳೀಲಿಲ್ಲ, ಕೆಟ್ಟದ್ದು ಅಂತ ಗೊತ್ತಾಗದ ಹಾಕಿದ್ಳು ಅಂತ ಆತು. ಮಂದಿ ಅಕಿ ಪಾಪದಾಕಿ ಅಂತಾರ. ನಾ ಪಾಪದಾಕಿ ಅಲ್ಲ. ನನಗ ತಿಳದಿತ್ತು. ನಿಮ್ಮ ಮಾತಿಗೆ ನನ್ನ ಮೂಗು ಮುಚ್ಚಿಕೊಂಡೆ, ಅದು ನನ್ನ ತಪ್ಪು. ಅದನ್ನೂ ಬರೀರಿ."

"ಅವತ್ತು ಸಭಾದಾಗ ನೀವ್ಯಾಕ ಹೇಳ್ಲಿಲ್ಲಕ್ಕಾ?"

"ಹೇಳಿದ್ರ ಯಾರು ನಂಬ್ತಿದ್ರು? ಮೊಹರು ನಿಮ್ಮ ಕಡೆ ಇತ್ತು."

ಪಂಚನಾಮೆಯಲ್ಲಿ ನಾನು ಬಿಟ್ಟ ಅದೊಂದೇ ಸಾಲು ಮುಖ್ಯವಾದದ್ದು. ಡಬ್ಬಿ ಕದ್ದದ್ದು ಆಸೆ, ಒತ್ತಿ ನೋಡಿ ಒಳ್ಳೆಯದೆಂದುಕೊಂಡದ್ದು ಮೂರ್ಖತನ. ಆದರೆ ಆಕೆ ಕೇಳಿದ ಆ ಕ್ಷಣದಲ್ಲಿ ನನಗೆ ಎಲ್ಲ ಗೊತ್ತಾಗಿತ್ತು, ಗೊತ್ತಿದ್ದೂ ಹಾಕ್ರಿ ಎಂದೆ. ತಪ್ಪೊಪ್ಪಿಗೆಯಲ್ಲೂ ಅದನ್ನು ಕದ್ದಿದ್ದೆ. ಅಲ್ಲಿಯೇ ಹಿಟ್ಟಿನ ಚೀಲದ ಮೇಲೆ ಕಾಗದ ಇಟ್ಟು ಆ ಸಾಲು ಸೇರಿಸಿದೆ. ಆಕೆ ಎರಡು ಸಲ ಓದಿಸಿದಳು. ಆಮೇಲೆ, "ಇದನ್ನ ಮೈಕಿನಾಗ ಓದ್ರಿ. ನಿಮ್ಮ ಹೆಸರು ಓದಿಸಿದ್ರಲ್ಲ, ಅದ ಮೈಕಿನಾಗ" ಎಂದಳು. ಪಂಚನಾಮೆಯಲ್ಲಿ ತಿದ್ದುಪಡಿಯಾದರೆ ಪಂಚರು ಪಕ್ಕದಲ್ಲಿ ಮತ್ತೆ ರುಜು ಹಾಕಬೇಕು. ಅದೇ ಸಂಜೆ ಗುಂಡಮ್ಮನವರ ಮುಂದೆ ಮತ್ತೊಮ್ಮೆ ನಿಂತೆ. ಹೊಸ ಸಾಲು ಓದಿ ಅವರು ನನ್ನ ಮುಖ ನೋಡದೆ ಪಕ್ಕದಲ್ಲಿ ರುಜು ಹಾಕಿ, ಕಾಗದವನ್ನು ಮಗನ ಕಡೆ ಸರಿಸಿದರು.

ಜಯಂತಿಯ ದಿನ ಓದಿದೆ. ಎಡೆಯಾಗಿ, ಪಂಕ್ತಿ ಕೂತು, ತಟ್ಟೆಗಳಿಗೆ ಹುಗ್ಗಿ ಬಡಿಸುವ ಮುಂಚೆ. ಸೇರಿಸಿದ ಸಾಲಿಗೆ ಬಂದು ನಿಲ್ಲಿಸಿದೆ. ಗದಿಗೆಮ್ಮ ಹಿಂದಿನ ಬಾಗಿಲಲ್ಲಿ ನಿಂತಿದ್ದಳು. ಆಕೆ ಬಂದದ್ದು ನನಗೆ ಅಲ್ಲಿಯವರೆಗೆ ಕಂಡಿರಲಿಲ್ಲ. "ಓದ್ರಿ" ಎಂದಳು. ಓದಿದೆ. "ಡಬ್ಬಿ ಕೆಟ್ಟಿದೆ ಎಂದು ಗದಿಗೆಮ್ಮನವರು ನನಗೆ ಹೇಳಿದರು. ಅದು ನಿಜವೆಂದು ನನಗೆ ಆಗಲೇ ಗೊತ್ತಾಯಿತು. ಆದರೂ ಹಾಕಲು ಹೇಳಿದೆ."

ಬೈಯುವರೆಂದುಕೊಂಡಿದ್ದೆ. ಯಾರೂ ಬೈಯಲಿಲ್ಲ. ಕ್ಯಾಟರಿಂಗಿನವರು ಹುಗ್ಗಿಯ ಬಕೆಟ್ ಹಿಡಿದು ಬಂದಾಗ ಮೊದಲ ಸಾಲಿನ ಹೆಂಗಸೊಬ್ಬರು ತಟ್ಟೆಯ ಮೇಲೆ ಅಡ್ಡ ಕೈ ಹಿಡಿದರು. ಪಕ್ಕದವರೂ ಹಿಡಿದರು. ಹೋದ ವರ್ಷದ್ದು ಎಲ್ಲರಿಗೂ ಒಮ್ಮೆಲೇ ನೆನಪಾಯಿತು. ನಾಲ್ಕುನೂರು ಜನ ತಟ್ಟೆ ಮುಚ್ಚಿಕೊಂಡು ಕೂತರು. ಬಡಿಸುವವರು ಪರಮೇಶನನ್ನು ನೋಡಿದರು, ಆತ ಅಭ್ಯಾಸಬಲದಿಂದ ನನ್ನನ್ನು ನೋಡಿ, ಕೂಡಲೇ ಕಣ್ಣು ತಿರುಗಿಸಿದ. ಗುಂಡಮ್ಮ ತಲೆ ಹೊರಳಿಸಿ ಹಿಂದಿನ ಬಾಗಿಲ ಕಡೆ ನೋಡಿದರು. ಒಬ್ಬೊಬ್ಬರಾಗಿ ಎಲ್ಲರೂ ಅತ್ತ ನೋಡಿದರು.

ಗದಿಗೆಮ್ಮ ಸೆರಗು ಸಿಕ್ಕಿಸಿಕೊಂಡು ಕೊಪ್ಪರಿಗೆಯ ಹತ್ತಿರ ಹೋದಳು. ಮುಚ್ಚಳ ಸರಿಸಿ, ಬಗ್ಗಿ, ಕಣ್ಣು ಮುಚ್ಚಿ ಉಸಿರೆಳೆದಳು.

"ಛಲೋ ಐತಿ. ಯಾಲಕ್ಕಿ ಒಂದೀಟು ಕಮ್ಮಿ ಆಗೈತಿ. ಬಡಸ್ರಿ."

ತಟ್ಟೆಗಳ ಮೇಲಿನ ಕೈಗಳು ಸರಿದವು.

ಪರಮೇಶ ಓಡಿ ಹೋಗಿ, "ಅಕ್ಕಾರ, ಪ್ರಸಾದ ತಗೊಂಡು ಹೋಗ್ರಿ. ಮುಂದಿನ ವರ್ಷ ನೀವ ಬರ್ರಿ" ಎಂದ. "ಅಲ್ಲೆ ಸಂಜಿ ರೊಟ್ಟಿ ಬಾಕಿ ಅದಾವ" ಎಂದು ಆಕೆ ಚಪ್ಪಲಿ ಮೆಟ್ಟಿದಳು. ಇಪ್ಪತ್ತೆರಡು ವರ್ಷದಲ್ಲಿ ದಾಸೋಹದ ಪ್ರಸಾದ ಬಿಟ್ಟು ಹೋದವಳಲ್ಲ ಆಕೆ. ಅಂದು ಹೋದಳು. ನನ್ನ ತಟ್ಟೆಗೆ ಬಡಿಸಿದ್ದರು. ನಾನು ಉಂಡು, ತಟ್ಟೆ ತೊಳೆದು, ಆ ನೀರು ಕುಡಿದೆ.